ಮೊದಲ್ನೇ ಹಳೆ ಗಾಡಿ: ಕಾಂಟೆಸ್ಸಾ ತಗೋಬೇಕಂತ ಮಾಡೀನಿ, ತೆಲಿ ಕೆಟ್ಟದೇನ್ರಿ ನಂದು?

ತೊಗರಿ_ಟರ್ಬೊ (ಕಲಬುರಗಿ)

ನಮಸ್ಕಾರ್ರಿ ಎಲ್ಲಾರಿಗೂ. ಎರಡ್ ವರ್ಷ ಆತು ಇಲ್ಲಿ ಬರೇ ಓದ್ಕೋತ ಕುಂತೀನಿ, ಬರಿಲಕತ್ತಿದ್ದು ಇವತ್ತೇ ಮೊದಲು. ಈ ಸಲ ತೊಗರಿ ಮಾರಿದ ಮ್ಯಾಲ ಸೊಸೈಟಿ ಸಾಲ ತೀರಿಸಿ, ಅವ್ವನ ಕಣ್ಣಿನ ಆಪರೇಷನ್ ಮುಗಿಸಿ, ಕೈಯಾಗ ಸ್ವಲ್ಪ ರೊಕ್ಕ ಉಳದದ. ದಿನಾ ಓಡಾಡಲಕ ವ್ಯಾಗನಾರ್ ಅದ, ಹಿಂಗಾಗಿ ಇದು ಬರೇ ಶೋಕಿಗಿ.

ನಾ ಸಣ್ಣಾಂವ ಇದ್ದಾಗ ನಮ್ಮ ಓಣ್ಯಾಗ ಒಬ್ಬ ಕಂಟ್ರಾಕ್ಟರ್ ಇದ್ರು, ವಾಡಿ ಕಡಿ ಕೆಲ್ಸ ಹಿಡೀತಿದ್ರು, ಅವರ ಬಲ್ಲಿ ಬಿಳಿ ಕಾಂಟೆಸ್ಸಾ ಇತ್ತು. ಶರಣಬಸಪ್ಪನ ತೇರಿನ ದಿನ ಓಣಿ ಹುಡುಗ್ರು ಆರ್ ಮಂದಿನ ಹಿಂದಿನ ಸೀಟಿನ್ಯಾಗ ತುಂಬ್ಕೊಂಡ್ ಹೋಗ್ತಿದ್ರು. ಆ ಉದ್ದನೆ ಬಾನೆಟ್ಟು, ಒಳಗಿನ ಮೆತ್ತನ ಸೀಟು, ಪೆಟ್ರೋಲು ಊದಿನಕಡ್ಡಿ ಎರಡೂ ಕೂಡಿದ ವಾಸನಿ, ಅದು ಇನ್ನಾ ಮೂಗಿನ್ಯಾಗ ಅದ. ಆವತ್ತೇ ಅಂದ್ಕೊಂಡಿದ್ದೆ.

ಈಗ ಹೈದರಾಬಾದಿನ್ಯಾಗ ಒಂದು ಬಂದದ. 1996ರ ಮಾಡೆಲ್, 1.8 ಪೆಟ್ರೋಲ್, ಹೊಸ ಕೆಂಪ್ ಪೇಂಟ್, ಅಲಾಯ್ ವೀಲ್, 3.40 ಲಕ್ಷ ಹೇಳ್ಯಾರ. ಫೋಟೊದಾಗ ಅಗ್ದಿ ಮಸ್ತ್ ಕಾಣ್ತದ. ನನಗ ಗಾಡಿ ಓಡ್ಸಲಕ ಬರ್ತದ, ಪಂಕ್ಚರ್ ಹಾಕ್ಲಕ ಬರ್ತದ, ಅದರ ಮುಂದ ಏನೂ ಗೊತ್ತಿಲ್ಲ. ಏನ್ ನೋಡಬೇಕು, ಏನ್ ಕೇಳಬೇಕು ಹೇಳ್ರಿ. ಬೈಯೋದಿದ್ರ ಬೈರಿ.

ಸಣ್ಣ_ಪಾನಾ (ಯಾದಗಿರಿ)

ಬೈತೀನಿ ತಡಿ. ಹಳೆ ಸ್ಪೋರ್ಟ್ಸ್ ಕಾರಿನ ವಿಭಾಗದಾಗ ಕಾಂಟೆಸ್ಸಾ ತಂದ್ ಹಾಕಿಯಲ್ಲೋ ಮಾರಾಯಾ, ಅದು ನಾಕ್ ಬಾಗ್ಲಿನ ಸೋಫಾ. ಸ್ಪೋರ್ಟ್ಸ್ ಕಾರ್ ಬೇಕಂದ್ರ ಸ್ಯಾನ್ ಸ್ಟಾರ್ಮ್ ಹುಡುಕು, ನಮ್ಮ ದೇಶದಾಗೇ ಗೋವಾದಾಗ ಮಾಡಿದ್ದು, ಎರಡೇ ಸೀಟು, ಫೈಬರ್ ಬಾಡಿ, ರೆನೋ ಕಂಪನಿ 1.2 ಎಂಜಿನ್ನು.

ತೊಗರಿ_ಟರ್ಬೊ (ಕಲಬುರಗಿ)

ಸ್ಟಾರ್ಮ್ ನೋಡೀನ್ರಿ, ಬರೇ ಫೋಟೊದಾಗ. ಎರಡೇ ಸೀಟು ಅಂದ್ರ ಮನ್ಯಾಗ ಜಗಳ ಗ್ಯಾರಂಟಿ. ಮ್ಯಾಲ ಅದರ ಲೈಟು ಗ್ಲಾಸು ಎಲ್ಲಿಂದ ತರ್ಲಿ?

ಮೈಸೂರ್_ಮಿಡ್ಲೇನ್ (ಸದ್ಯ ಕಲಬುರಗಿ)

ಬ್ರೋ ನನ್ ಮಾತ್ ಕೇಳಿ, ಮೊದಲನೇ ಹಳೆ ಕಾರು ಅಂದ್ರೆ ಕಾರ್ಬೊರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡೋ ಹಳೇ ಸಾಧನ) ಇರೋದು ಬೇಡ್ವೇ ಬೇಡ. 2000 ಆದ್ಮೇಲೆ ಬಂದ ಹೋಂಡಾ ಸಿಟಿ 1.5 ವಿಟೆಕ್ ತಗೊಳಿ, 106 ಹಾರ್ಸ್‌ಪವರ್, ಇವತ್ತಿಗೂ ಓಡ್ಸಿದ್ರೆ ನಗು ಬರುತ್ತೆ. ಇಲ್ಲಾಂದ್ರೆ ಪಾಲಿಯೊ 1.6, ಸಚಿನ್ ಜಾಹೀರಾತು ಕೊಡ್ತಿದ್ರಲ್ಲ ಅದೇ ಪಾಲಿಯೊ. ಎರಡ್ರಲ್ಲೂ ಕಾರ್ಬೊರೇಟರ್ ಬದಲು ಇಂಜೆಕ್ಷನ್, ಬೆಳಗ್ಗೆ ಕೀ ತಿರುಗಿಸಿದ್ರೆ ಸ್ಟಾರ್ಟು. ಕಾಂಟೆಸ್ಸಾ ತಗೊಂಡ್ರೆ ಭಾನುವಾರ ಪೂರ್ತಿ ಬಾನೆಟ್ ಒಳಗೇ ಇರ್ತೀರ.

ಹಳೆಗಾಡಿ_ಕಾಕಾ (ಕಲಬುರಗಿ)

ಮೈಸೂರಿನ ತಮ್ಮ ಹೇಳಿದ್ದು ಸುಳ್ಳಲ್ಲ. ಆದ್ರ ಆ ಹುಡುಗ ವಿಟೆಕ್‌ನ್ಯಾಗ ಜಾತ್ರಿಗಿ ಹೋಗಿಲ್ಲಲ್ಲಪಾ. ಮನಸ್ಸಿನ್ಯಾಗ ಕುಂತ ಗಾಡಿ ಬಿಟ್ಟು ಬ್ಯಾರೆ ಗಾಡಿ ತಗೊಂಡಾಂವ ಆರ್ ತಿಂಗ್ಳಿಗಿ ಅದನ್ನೂ ಮಾರಿ ಮತ್ತ ಇಲ್ಲೇ ಬಂದು ನಿಂದರ್ತಾನ, ಭಾಳ ಮಂದಿನ್ನ ನೋಡೀನಿ.

ತಮ್ಮಾ ತೊಗರಿ, ಮೊದಲ ಈ ಗಾಡಿ ಏನಂತ ತಿಳ್ಕೊ. ಇಂಗ್ಲೆಂಡಿನ್ಯಾಗ ವಾಕ್ಸಾಲ್ ವಿಎಕ್ಸ್ ಅಂತ 70ರ ದಶಕದಾಗ ಒಂದು ಗಾಡಿ ಇತ್ತು, ಅದರ ಬಾಡಿ ಹಿಂದೂಸ್ತಾನ್ ಮೋಟರ್ಸ್‌ನವರು ತಂದು 1984ಕ್ಕ ಬಂಗಾಳದ ಉತ್ತರಪಾರಾದಾಗ ಕಾಂಟೆಸ್ಸಾ ಅಂತ ಬಿಟ್ರು. ಮೊದಮೊದಲ ಅಂಬಾಸಿಡರಿಂದೇ 1.5 ಎಂಜಿನ್ ಹಾಕಿದ್ರು, ಅಷ್ಟ್ ದೊಡ್ಡ ದೇಹಕ್ಕ 50 ಹಾರ್ಸ್‌ಪವರ್, ಎಮ್ಮಿಗಿ ಆಡಿನ ಕಾಲು. ಮುಂದ ಜಪಾನಿನ ಇಸುಝು 1.8 ಎಂಜಿನ್ನು, ಐದ್ ಗೇರು ಬಂದ ಮ್ಯಾಲ ಗಾಡಿಗಿ ಜೀವ ಬಂತು. ಹಿಂದಿನ ಗಾಲಿ ತಳ್ಳೋ ಗಾಡಿ ಅದು, ಮುಂದಿನ ಗಾಲಿ ಎಳಿಯೋದಲ್ಲ, ಮಳಿಯಾಗ ತಿರುವಿನ್ಯಾಗ ಕಾಲು ಹಗುರ ಇರಬೇಕು. 2002ಕ್ಕ ಬಂದ್ ಆತು.

ಈಗ ಮುಖ್ಯ ಮಾತು. ಅದೇ 1.8 ಇಸುಝು ಎಂಜಿನ್ ಅಂಬಾಸಿಡರ್ 1800 ಐಎಸ್‌ಝಡ್ ಗಾಡಿಗೂ ಹಾಕ್ಯಾರ, ಅಂಬಾಸಿಡರ್ 2014ರ ತನ ಬಂದದ, ಹಿಂಗಾಗಿ ಎಂಜಿನ್ ಸಾಮಾನು ಇವತ್ತಿಗೂ ಸಿಗ್ತದ. ಸಿಗದೇ ಇರೋದು ಬಾಡಿ. ಮುಂದಿನ ಗ್ರಿಲ್ಲು, ಹಿಂದಿನ ಲೈಟು, ಬಾಗಿಲ ರಬ್ಬರ್ ಬೀಡಿಂಗು, ಮುಂದಿನ ಗ್ಲಾಸು, ಬಾಗಿಲ ಹಿಡಕಿ. ಅದಕ್ಕ ಎಂಜಿನ್ ಹೊಗಿ ಬಿಟ್ರೂ ನಡೀತದ, ಬಾಡಿ ಕೊಳತ ಗಾಡಿ ಪುಕ್ಕಟ ಕೊಟ್ರೂ ಬ್ಯಾಡ. ಹೊಸ ಪೇಂಟ್ ಅಂದಿಯಲ್ಲ, ಅಲ್ಲೇ ನನಗ ಹೊಟ್ಟಿ ಝುಮ್ ಅಂತು. 30 ವರ್ಷದ ಗಾಡಿಗಿ ಮಾರೋ ಮುಂಚೆ ಯಾಕ ಬಣ್ಣ ಬಳೀತಾರ? ಹೋಗೋ ಮುಂದ ಕಿಸೆದಾಗ ಒಂದು ಅಯಸ್ಕಾಂತ ಇಟ್ಕೊಂಡ್ ಹೋಗು, ಸ್ಪೀಕರಿಂದ ಬಿಚ್ಚಿದ್ದಾದ್ರೂ ನಡೀತದ, ತೆಳ್ಳನ ಬಟ್ಟಿ ಸುತ್ತು, ಇಲ್ಲಾಂದ್ರ ಪೇಂಟ್ ಗೀರಿ ಅಲ್ಲೇ ಬೈಸ್ಕೋತಿ. ಬಾಗಿಲ ಕೆಳಗಿನ ಅಂಚು, ಗಾಲಿ ಮ್ಯಾಲಿನ ಕಮಾನು, ಡಿಕ್ಕಿಯಾಗ ಸ್ಟೆಪ್ನಿ ಇಡೋ ಗುಂಡಿ, ಕಾಲ ಕೆಳಗಿನ ಮ್ಯಾಟ್ ಎತ್ತಿ ಅದರ ತಗಡು, ಇಷ್ಟು ನೋಡು. ಅಯಸ್ಕಾಂತ ಹಿಡಿಲಿಲ್ಲಂದ್ರ ಅಲ್ಲಿ ತಗಡಿಲ್ಲ, ಪುಟ್ಟಿ ಅದ.

ಪದ್ಮಿನಿ_ಅಕ್ಕ (ಬೀದರ)

ಕಾಕಾ ಬಾಡಿ ಹೇಳ್ಯಾರ, ನಾ ಎಂಜಿನ್ ಹೇಳ್ತೀನಿ. ಫೋನ್ ಮಾಡಿ "ನಾ ಬರೋ ತನ ಸ್ಟಾರ್ಟ್ ಮಾಡಬ್ಯಾಡ್ರಿ" ಅಂತ ಹೇಳು. ಹೋದ ಕೂಡ್ಲೆ ಸಲಾಂ ನಮಸ್ಕಾರ ಮಾಡೋಕಿಂತ ಮೊದಲ ಬಾನೆಟ್ ಮ್ಯಾಲ ಅಂಗೈ ಇಡು. ಬೆಚ್ಚಗಿದ್ರ ಏನೋ ಮುಚ್ಚಿಡಲಕತ್ತಾರ ಅಂತ ತಿಳ್ಕೊ. ತಣ್ಣಗಿದ್ದಾಗ ಸ್ಟಾರ್ಟ್ ಮಾಡ್ಸು, ಹಿಂದ ಒಬ್ಬರನ್ನ ನಿಲ್ಸು. ನೀಲಿ ಹೊಗಿ ಬಂದ್ರ ಆಯಿಲ್ ಸುಡಲಕತ್ತದ, ಕರಿ ಹೊಗಿ ಬಂದ್ರ ಪೆಟ್ರೋಲ್ ಹೆಚ್ಚ್ ಕುಡಿಲಕತ್ತದ, ಅದು ಕಾರ್ಬೊರೇಟರಿಂದು, ಅಷ್ಟ್ ದೊಡ್ಡದಲ್ಲ. ಬಿಸಿ ಆದ ಮ್ಯಾಲೂ ಬಿಳಿ ಹೊಗಿ ನಿಲ್ಲಲಿಲ್ಲಂದ್ರ ಹೆಡ್ ಗ್ಯಾಸ್ಕೆಟ್, ಅಂದ್ರ ಎಂಜಿನ್ ತೆಲಿ ಕೆಳಗ ನೀರು ಆಯಿಲ್ ಕೂಡದಂಗ ತಡಿಯೋ ಪದರ, ಹೋಗ್ಯಾದ. ಆಯಿಲ್ ಹಾಕೋ ಮುಚ್ಚಳ ಬಿಚ್ಚಿ ಕೆಳಗ ನೋಡು, ಹಾಲ್ ಹಾಕಿದ ಚಾದ ಕೆನಿ ಹಂಗ ಮೆತ್ತಿದ್ರ ನೀರು ಆಯಿಲ್ ಕೂಡ್ಯಾವ, ಹಂಗೇ ಬಸ್ಸಿಗಿ ವಾಪಸ್ ಬಾ.

ಟೈರ್ ಮ್ಯಾಲ ನಾಕ್ ಅಂಕಿ ಇರ್ತಾವ, 2314 ಅಂತಿದ್ರ 2014ರ 23ನೇ ವಾರದಾಗ ಮಾಡಿದ್ದು. ಕಚ್ಚು ಹೊಸಾದ್ರ ಹಂಗ ಕಂಡ್ರೂ ರಬ್ಬರ್ ಸತ್ತಿರ್ತದ. ನಂದು ಪದ್ಮಿನಿ ಕಾರ್ ತಂದಾಗ ಇದೇ ಗೊತ್ತಿದ್ದಿಲ್ಲ, ಹುಮನಾಬಾದ್ ದಾಟಿ ಟೈರ್ ಸಿಡಿತು, ಹಿಂದ ಸೀಟಿನ್ಯಾಗ ನಮ್ಮ ಅತ್ತಿಯವರಿದ್ರು. ಟೈರ್ ಸದ್ದಿಗಿಂತ ಅವರ ಸದ್ದೇ ಜೋರಿತ್ತು.

ಕಾಗದಪತ್ರ_ಮಾಮಾ (ಕಲಬುರಗಿ)

ಎಲ್ಲಾರೂ ಗಾಡಿ ಗಾಡಿ ಅನ್ಲಕತ್ತೀರಿ, ಆರ್‌ಸಿ ಯಾರ್ ನೋಡೋರು? ಹೊರ ರಾಜ್ಯದ ಗಾಡಿ ಅಂದ್ರ ಅಲ್ಲಿ ಆರ್‌ಟಿಓದಿಂದ ಫಾರ್ಮ್ 28 ಎನ್‌ಓಸಿ (ಗಾಡಿ ಒಯ್ಲಕ ಅಡ್ಡಿಯಿಲ್ಲ ಅನ್ನೋ ಪತ್ರ) ಬೇಕು, ವರ್ಗಾವಣೆಗಿ ಫಾರ್ಮ್ 29, 30, ಹಿಂದ ಸಾಲ ಇತ್ತಂದ್ರ ಬ್ಯಾಂಕಿನ ಕಾಗದದ ಜೋಡಿ ಫಾರ್ಮ್ 35. ಇಲ್ಲಿ ತಂದ ಮ್ಯಾಲ ನಮ್ಮ ರಾಜ್ಯದ ಟ್ಯಾಕ್ಸ್ ಕಟ್ಟಿ ಕೆಎ 32 ನಂಬರ್ ತಗೋಬೇಕು. "ಎನ್‌ಓಸಿ ಆಮ್ಯಾಲ ಕಳಸ್ತೀನಿ" ಅಂದವನ ಕೈಗಿ ಹತ್ತು ರೂಪಾಯಿ ಅಡ್ವಾನ್ಸ್ ಸೈತ ಕೊಡಬ್ಯಾಡ.

ಪ್ರೈವೇಟ್ ಗಾಡಿ ಆರ್‌ಸಿ 15 ವರ್ಷ, ಆಮ್ಯಾಲ ಐದೈದ್ ವರ್ಷಕ್ಕ ರಿನ್ಯೂವಲ್. 1996ರ ಗಾಡಿ ಅಂದ್ರ 2011, 2016, 2021 ಮೂರೂ ಸಲ ಆಗ್ಯಾದಿಲ್ಲ ನೋಡು. ತಡ ಆದ ಒಂದೊಂದ್ ತಿಂಗ್ಳಿಗಿ 500 ದಂಡ ಅದ. ಮ್ಯಾಲ 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗಿ ರಿನ್ಯೂವಲ್ ಫೀನೇ 10,000 ಮಾಡ್ಯಾರ. ಇದನ್ನ ರೇಟಿನ್ಯಾಗ ಹಿಡ್ಕೊಂಡೇ ಚೌಕಾಶಿ ಮಾಡು.

ಮತ್ತ ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ನಿನ್ನ ಕೈಯಿಂದ ಓದು. ಕಾಂಟೆಸ್ಸಾಕ್ಕ ಮಂದಿ ಯಾವ್ಯಾವ್ದೋ ಡೀಸೆಲ್ ಎಂಜಿನ್ ಕುಂದ್ರಿಸ್ಯಾರ, ಆರ್‌ಸಿಯಾಗ ಇನ್ನಾ ಪೆಟ್ರೋಲ್ ಅಂತೇ ಇರ್ತದ. ನಂಬರಿನ ಮ್ಯಾಲ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತಕ್ಕೊ, ಆರ್‌ಟಿಓದಾಗ ಹೆಂಗ್ ಮಾಡ್ತಾರೋ ಹಂಗ.

ಸಣ್ಣ_ಪಾನಾ (ಯಾದಗಿರಿ)

ಮಾಮಾ, ವಿಂಟೇಜ್ ನಂಬರ್ ತಗೊಂಡ್ರ ಈ ಐದೈದ್ ವರ್ಷದ ತಾಪತ್ರಯ ಇಲ್ಲಂತಲ್ರಿ?

ಕಾಗದಪತ್ರ_ಮಾಮಾ (ಕಲಬುರಗಿ)

ಅದು 50 ವರ್ಷ ದಾಟಿದ ಗಾಡಿಗಿ ಅಷ್ಟೇ ತಮ್ಮಾ, 2021ರಾಗ ಕಾನೂನ್ ಬಂತು. 20,000 ಕಟ್ಟಿದ್ರ ನಂಬರಿನ್ಯಾಗ ವಿಎ ಅಂತ ಅಕ್ಷರ ಕೊಡ್ತಾರ, 10 ವರ್ಷ ನಡೀತದ, ಆದ್ರ ದಿನಾ ಓಡ್ಸಂಗಿಲ್ಲ. ಕಾಂಟೆಸ್ಸಾ ಹುಟ್ಟಿದ್ದೇ 1984ರಾಗ, ಅದಕ್ಕ 2034ರ ತನ ದಾರಿ ಕಾಯಬೇಕು. ಅಲ್ಲಿ ತನ ನಾವಿರ್ತೀವೋ ಇಲ್ಲೋ.

ತೊಗರಿ_ಟರ್ಬೊ (ಕಲಬುರಗಿ)

ಹೋಗಿ ಬಂದೆ ಹೈದರಾಬಾದಿಗಿ. ಮುಂಜಾನೆ ಟ್ರೇನಿಗಿ ಹೋಗಿ ರಾತ್ರಿ ಬಸ್ಸಿಗಿ ಬಂದೀನಿ, ಇನ್ನಾ ಸೊಂಟ ಹಿಡದದ.

ಅಕ್ಕ ಹೇಳಿದಂಗೇ ಮಾಡಿದೆ, ಕೈ ಕುಲುಕೋ ಮೊದಲ ಬಾನೆಟ್ ಮುಟ್ಟಿದೆ. ಬಿಸಿ ಇತ್ತು, ರೊಟ್ಟಿ ಬೇಯ್ಸಬಹುದಿತ್ತು. ದಲ್ಲಾಳಿ "ಅಭೀ ಅಭೀ ಪೆಟ್ರೋಲ್ ಡಾಲ್ಕೆ ಲಾಯಾ ಸಾಬ್" ಅಂದ. ಇರ್ಲಿ ಅಂತ ಅಯಸ್ಕಾಂತ ತೆಗದೆ. ಬಾನೆಟ್ ಮ್ಯಾಲ ಟಪ್ ಅಂತ ಹಿಡೀತು. ಮ್ಯಾಲಿನ ಛತ್ತಿಗೂ ಹಿಡೀತು. ಡ್ರೈವರ್ ಬಾಗ್ಲಿನ ಕೆಳಗ ಇಟ್ಟೆ, ಅಯಸ್ಕಾಂತ ಜಾರಿ ನನ್ನ ಚಪ್ಲಿ ಮ್ಯಾಲ ಬಿತ್ತು. ಮತ್ತ ಇಟ್ಟೆ, ಮತ್ತ ಬಿತ್ತು. ಹಿಂದಿನ ಗಾಲಿ ಮ್ಯಾಲ ಗೇಣುದ್ದ ಜಾಗ ಹಂಗೇ. ದಲ್ಲಾಳಿ ನನ್ನ ಮುಖ ನೋಡ್ದ, ನಾ ಅಂವನ ಮುಖ ನೋಡಿದೆ, ಇಬ್ರೂ ಏನೂ ಮಾತಾಡಲಿಲ್ಲ. ಆಮ್ಯಾಲ ಮ್ಯಾಟ್ ಎತ್ತಿದೆ, ಅಲ್ಲಿ ಹೊಸ ಡಾಂಬರ್ ಬಳದಿದ್ರು, ಬೆರಳಿಂದ ಒತ್ತಿದ್ರ ಮೆತ್ತಗ ಒಳಗ ಹೋಗ್ಲಕತ್ತಿತ್ತು. ಎನ್‌ಓಸಿ ಕೇಳಿದ್ರ ಎಂಟ್ ದಿನ ಅಂದ.

ಚಾ ಕುಡಿಸ್ದ ಪಾಪ, ಕುಡದು ಬಂದೆ. ಖರೇ ಹೇಳ್ಬೇಕಂದ್ರ ಬಸ್ಸಿನ್ಯಾಗ ಝಹೀರಾಬಾದ್ ತನ ಕಣ್ಣಾಗ ನೀರಿತ್ತು. ಅಷ್ಟ್ ಛಂದ ಕಾಣ್ತಿತ್ತು ದೂರದಿಂದ.

ಹಳೆಗಾಡಿ_ಕಾಕಾ (ಕಲಬುರಗಿ)

ಅಳಬ್ಯಾಡ ತಮ್ಮಾ, 3.40 ಲಕ್ಷ ಉಳೀತು. ಹೈದರಾಬಾದ್ ಬಿಡು, ನಮ್ಮ ಕಡಿದೇ ಹುಡುಕು. ನಮ್ಮ ಊರ ಒಣ ಊರು, ಸಮುದ್ರ ದಂಡಿ ಊರಿನ ಹಂಗ ತಗಡು ತಿನ್ನಂಗಿಲ್ಲ. ಬಿಸಲಿಗಿ ಡ್ಯಾಶ್‌ಬೋರ್ಡ್ ಬಿರಕು ಬಿಟ್ಟಿರ್ತದ, ರಬ್ಬರ್ ಎಲ್ಲಾ ಕಡ್ಲಿಪುಟಾಣಿ ಹಂಗ ಆಗಿರ್ತದ, ಆದ್ರ ಕೆಳಗಿನ ಲೋಹ ಗಟ್ಟಿ ಇರ್ತದ. ಹಳೆ ಡಾಕ್ಟರ್, ವಕೀಲರ ಮನಿ ಹಿಂದಿನ ಶೆಡ್ ನೋಡು.

ತೊಗರಿ_ಟರ್ಬೊ (ಕಲಬುರಗಿ)

ಮೂರು ವಾರ ಆತು ಬರದು, ಮಾಫ್ ಮಾಡ್ರಿ. ಸಿಕ್ಕದ! ಸೇಡಂ ರೋಡಿನ್ಯಾಗೇ, ನಮ್ಮ ಮನಿಂದ ನಾಕ್ ಕಿಲೋಮೀಟರ್ ಇಲ್ಲ. ನಮ್ಮ ದೋಸ್ತನ ಸೋದರಮಾವನ ಗಾಡಿ, ಮಾವ ತೀರ್ಕೊಂಡು ಆರ್ ವರ್ಷ ಆತು, ಅವತ್ತಿಂದ ಶೆಡ್ಡಿನ್ಯಾಗ ನಿಂತದ. 1998ರ ಕೆಎ 32 ಗಾಡಿ, ಒಬ್ಬರೇ ಮಾಲಕ. ಬಿಳಿ ಬಣ್ಣ ಹಳದಿ ತಿರಗ್ಯಾದ, ಟೈರ್ 2009ರವು, ಸಿಮೆಂಟ್ ಧೂಳು ಒಂದ್ ಇಂಚು. ಅಯಸ್ಕಾಂತ ಎಲ್ಲಾ ಕಡಿ ಹಿಡೀತು, ಎಲ್ಲಾ ಕಡಿ! ಡಿಕ್ಕಿ ಗುಂಡಿಯಾಗ ಮಾತ್ರ ರೂಪಾಯಿ ಬಿಲ್ಲೆಯಷ್ಟು ತುಕ್ಕು.

ಆ ಮಾವನ ಹೆಂಡ್ತಿ, ಅತ್ತಿಯವರು, 1.80 ಲಕ್ಷ ಹೇಳಿದ್ರು. ಆರ್‌ಸಿ 2023ರಾಗ ಮುಗದದ, 35 ತಿಂಗ್ಳ ದಂಡ 17,500, ರಿನ್ಯೂವಲ್ 10,000, ಮಾಮಾ ಹೇಳಿದ ಲೆಕ್ಕ ಕಾಗದದ ಮ್ಯಾಲ ಬರದು ತೋರ್ಸಿದೆ. ಅವರು ಕಾಗದ ನೋಡ್ಲೇ ಇಲ್ಲ, "ದಿನಾ ಒರಸ್ತಿಯೇನಪಾ, ಅವರು ದಿನಾ ಒರಸ್ತಿದ್ರು" ಅಂದ್ರು. ಹೂಂ ಅಂದೆ. 1.45ಕ್ಕ ಕೊಟ್ರು. ಟ್ರ್ಯಾಕ್ಟರ್ ಹಚ್ಚಿ ಹಗ್ಗ ಕಟ್ಟಿ ಎಳಕೊಂಡ್ ಬಂದೀವಿ, ರಿಂಗ್ ರೋಡ್ ಪೂರಾ ಮಂದಿ ವಿಡಿಯೋ ತಗೊಂಡ್ರು.

ಬ್ಯಾಟ್ರಿ ಹಾಕಿ ಸ್ಟಾರ್ಟ್ ಮಾಡ್ಲಾ?

ಹಳೆಗಾಡಿ_ಕಾಕಾ (ಕಲಬುರಗಿ)

ಮುಟ್ಟಬ್ಯಾಡ!! ಕೀ ಕಿತ್ತಿ ಕಿಸೆದಾಗ ಇಟ್ಕೊ.

ಆರ್ ವರ್ಷ ನಿಂತ ಎಂಜಿನ್ನಿಗಿ ಒಮ್ಮಿಗೇ ಸೆಲ್ಫ್ ಹೊಡದ್ರ ಒಣಗಿದ ಸಿಲಿಂಡರ್ ಗೋಡಿ ಮ್ಯಾಲ ಪಿಸ್ಟನ್ ರಿಂಗು ಗೀರಿ ಹಾಕ್ತಾವ. ನಾಕೂ ಪ್ಲಗ್ ಬಿಚ್ಚು, ಒಂದೊಂದು ತೂತಿನ್ಯಾಗ ಎರಡ್ ಚಮಚ ಎಂಜಿನ್ ಆಯಿಲ್ ಬಿಡು, ರಾತ್ರಿ ಇಡೀ ಹಂಗೇ ಬಿಡು. ಮುಂಜಾನಿ ಪ್ಲಗ್ ಹಾಕದೇ ಮುಂದಿನ ಪುಲ್ಲಿ ಬೋಲ್ಟಿಗಿ ಪಾನಾ ಹಚ್ಚಿ ಕೈಯಿಂದ ತಿರುವು. ತಿರುಗ್ತು ಅಂದ್ರ ದೇವ್ರ ದೊಡ್ಡಾಂವ. ತಿರುಗಲಿಲ್ಲ ಅಂದ್ರ ಬಲ ಹಾಕಬ್ಯಾಡ, ಮತ್ತ ಆಯಿಲ್ ಬಿಡು, ಎರಡ್ ದಿನ ಕಾಯಿ.

ಟ್ಯಾಂಕಿನ ಹಳೆ ಪೆಟ್ರೋಲ್ ಪೂರಾ ಇಳಸು, ಮೂಸಿ ನೋಡು, ವಾರ್ನಿಷ್ ವಾಸನಿ ಬರ್ತದ. ಅದು ಕಾರ್ಬೊರೇಟರಿಗಿ ಹೋಯ್ತಂದ್ರ ಪೆಟ್ರೋಲ್ ಅಳದು ಬಿಡೋ ಜೆಟ್ಟಿನ ತೂತು ಎಲ್ಲಾ ಅಂಟಾಗಿ ಮುಚ್ಕೋತಾವ. ಎಂಜಿನ್ ಆಯಿಲ್, ಗೇರ್ ಆಯಿಲ್, ಡಿಫರೆನ್ಶಿಯಲ್ (ಹಿಂದಿನ ಗಾಲಿ ನಡುವಿನ ಗೇರ್ ಡಬ್ಬಿ) ಆಯಿಲ್ ಮೂರೂ ಬದಲಿ. ಎಂಜಿನ್ನಿಗಿ ಸಾದಾ 20ಡಬ್ಲ್ಯೂ50 ಸಾಕು, ದುಬಾರಿ ಸಿಂಥೆಟಿಕ್ ಬ್ಯಾಡ. ಮತ್ತ ಗಾಡಿ ಓಡೋಕಿಂತ ಮೊದಲ ನಿಲ್ಲೋದ್ ನೋಡ್ಕೊ. ಬ್ರೇಕ್ ಆಯಿಲ್ ಗಾಳ್ಯಾಗಿನ ತೇವ ಕುಡೀತದ, ಆರ್ ವರ್ಷಕ್ಕ ಅದು ನೀರೇ ಆಗಿರ್ತದ, ಮಾಸ್ಟರ್ ಸಿಲಿಂಡರ್ ಕಿಟ್ಟು, ಗಾಲಿ ಸಿಲಿಂಡರ್ ಕಿಟ್ಟು, ರಬ್ಬರ್ ಪೈಪು ಕಣ್ ಮುಚ್ಚಿ ಎಲ್ಲಾ ಬದಲಿ.

ತೊಗರಿ_ಟರ್ಬೊ (ಕಲಬುರಗಿ)

ತಿರುಗ್ತು ಕಾಕಾ! ಎರಡ್ನೇ ದಿನ ಮುಂಜಾನಿ, ಕರ್ ಅಂತ ಒಂದ್ ಸಪ್ಪಳ ಬಂತು, ಆಮ್ಯಾಲ ಬೆಣ್ಣಿ.

ಆದ್ರ ಏರ್ ಫಿಲ್ಟರ್ ಡಬ್ಬಿ ಬಿಚ್ಚಿದ್ರ ಒಳಗ ಇಲಿ ಸಂಸಾರ. ಕೂಸುಗಳಿದ್ದಿಲ್ಲ ಪುಣ್ಯಕ್ಕ, ಬರೇ ಗೂಡು, ತೊಗರಿ ಹೊಟ್ಟು, ಸೀಟಿನ ಸ್ಪಂಜು, ಅರ್ಧ ಲಗ್ನಪತ್ರ. ವೈರಿಂಗ್ ತಿಂದಾವ, ಹೆಡ್‌ಲೈಟ್ ಸ್ವಿಚ್ ಹಾಕಿದ್ರ ವೈಪರ್ ತಿರುಗ್ತದ. ಎಲೆಕ್ಟ್ರಿಷಿಯನ್ ಎರಡ್ ದಿನ ಕುಂತು 9,000 ತಗೊಂಡ.

ರೇಡಿಯೇಟರ್ ಕತಿ ಬ್ಯಾರೆ. ಮಿಸ್ತ್ರಿ ಬಿಚ್ಚಿ ತೋರ್ಸಿದ್ರು, ಕೊಳವಿ ಒಳಗ ಬೆಳ್ಳಗ ಸುಣ್ಣ ಕಟ್ಟಿ ಪೆನ್ಸಿಲ್ ಕಡ್ಡಿ ಹೋಗಲ್ಲ. ಮಾವ ಬೋರಿನ ನೀರೇ ಹಾಕ್ತಿದ್ರಂತ. ನಮ್ಮದು ಶಹಾಬಾದ್ ಕಲ್ಲಿನ ಸೀಮಿ, ಭೂಮಿಯಾಗೇ ಸುಣ್ಣ, ಕುದಿಸಿದ ನೀರಿನ ಪಾತೇಲಿ ತಳದಾಗ ಬೆಳ್ಳಗ ಪದರ ಕಟ್ತದಲ್ಲ, ಅದೇ 20 ವರ್ಷ ರೇಡಿಯೇಟರಿನ್ಯಾಗ ಕಟ್ಯಾದ. ಅದು ಬಿಸಿ ಆಗ್ತದಂತ ಯಾವ್ದೋ ಕಾಲದಾಗ ಯಾರೋ ಥರ್ಮೋಸ್ಟಾಟ್ (ಎಂಜಿನ್ ಬಿಸಿ ಆಗೋ ತನ ರೇಡಿಯೇಟರಿಗಿ ನೀರು ಬಿಡದೇ ತಡಿಯೋ ಬಾಗ್ಲು) ಕಿತ್ತಿ ಒಗದಾರ.

ಸಣ್ಣ_ಪಾನಾ (ಯಾದಗಿರಿ)

ಥರ್ಮೋಸ್ಟಾಟ್ ಕೀಳೋದು ನಮ್ಮ ಕಡಿ ಮಿಸ್ತ್ರಿಗಳ ರೋಗ. ಗಾಡಿ ಬಿಸಿ ಆತು ಅಂದ್ರ ಮೊದಲ ಅದನ್ನೇ ಕಿತ್ತಿ ಒಗೀತಾರ. ಅದಿಲ್ಲಂದ್ರ ಚಳಿಗಾಲದಾಗ ಎಂಜಿನ್ ಬಿಸಿನೇ ಆಗಂಗಿಲ್ಲ, ಪೆಟ್ರೋಲ್ ಹೆಚ್ಚ್ ಕುಡೀತದ, ಒಳಗ ಜಲ್ದಿ ಸವೀತದ. ಹೊಸದು ಹಾಕ್ಸು ಅಣ್ಣಾ. ಮತ್ತ ಕೂಲಂಟು, ಡಿಸ್ಟಿಲ್ಡ್ ವಾಟರ್ ಬಿಟ್ರ ಬೋರ್ ನೀರು ಒಂದ್ ಹನಿ ಬ್ಯಾಡ.

ಪದ್ಮಿನಿ_ಅಕ್ಕ (ಬೀದರ)

ಪೆಟ್ರೋಲ್ ಪೈಪ್ ಬದಲಿಸಿಯೇನು? ಈಗ ಬಂಕಿನ್ಯಾಗ ಬರೋದು ಇ20, ನೂರಕ್ಕ 20 ಪಾಲು ಎಥನಾಲ್. 1998ರ ರಬ್ಬರ್ ಅದನ್ನ ತಡಕೊಳ್ಳಂಗಿಲ್ಲ, ಮೆತ್ತಗಾಗಿ ಒಳಗೊಳಗೇ ಪುಡಿ ಉದುರ್ತದ, ಆ ಪುಡಿ ಹೋಗಿ ಜೆಟ್ಟಿನ್ಯಾಗ ಕುಂದರ್ತದ. ಪೈಪಿನ ಮ್ಯಾಲ ಜೆ30ಆರ್9 ಅಂತ ಬರದಿದ್ದು ಕೇಳಿ ತಗೊ, ಮೀಟರಿಗಿ ರೇಟ್ ಹೆಚ್ಚ್ ಅದ, ಬೇಕಾಗೋದೂ ಸ್ವಲ್ಪೇ. ಪಂಪಿನ ಡಯಾಫ್ರಾಮ್ (ಒಳಗಿನ ರಬ್ಬರ್ ಪರದಿ), ಕಾರ್ಬೊರೇಟರ್ ಕಿಟ್ ಸೈತ ಬದಲಿ.

ಮೈಸೂರ್_ಮಿಡ್ಲೇನ್ (ಸದ್ಯ ಕಲಬುರಗಿ)

ಇ20 ಬಗ್ಗೆ ಸ್ವಲ್ಪ ಜಾಸ್ತಿನೇ ಹೆದರಿಸ್ತಿದೀರಾ ಅನ್ಸುತ್ತೆ ಅಕ್ಕ. ನಮ್ಮ ಸಿಟಿಗೆ ಅದನ್ನೇ ಹಾಕ್ತಿದೀನಿ, ಏನೂ ಆಗಿಲ್ಲ.

ಪದ್ಮಿನಿ_ಅಕ್ಕ (ಬೀದರ)

ನಿಂದು ದಿನಾ ಓಡ್ತದ ತಮ್ಮಾ, ಪೆಟ್ರೋಲ್ ನಿಂದ್ರಂಗಿಲ್ಲ. ನಮ್ಮವು ತಿಂಗ್ಳಿಗಿ ಎರಡ್ ಸಲ ಹೊರಗ ಬರೋವು. ಎಥನಾಲ್ ನೀರು ಎಳ್ಕೋತದ, ನಿಂತ ಟ್ಯಾಂಕಿನ್ಯಾಗ ತಳಕ್ಕ ಕುಂತು ತುಕ್ಕು ಹಿಡಸ್ತದ. ನಂದು ಟ್ಯಾಂಕ್ ಇಳಿಸಿ ತೊಳಸೀನಿ, ಕಣ್ಣಿಂದ ನೋಡೇ ಹೇಳ್ಲಕತ್ತೀನಿ.

ಹಳೆಗಾಡಿ_ಕಾಕಾ (ಕಲಬುರಗಿ)

ತಮಾಷಿ ಏನಂದ್ರ ಆ ಎಥನಾಲ್ ಕಬ್ಬಿಂದ್ಲೂ ಮಾಡ್ತಾರ, ಕಬ್ಬು ಬೆಳಿಯೋರು ಬೀದರ ಆಳಂದ ಕಡಿ ನಾವೇ. ನಮ್ಮ ಕಬ್ಬು ನಮ್ಮ ಕಾರ್ಬೊರೇಟರ್ ತಿನ್ಲಕತ್ತದ.

ತೊಗರಿ_ಟರ್ಬೊ (ಕಲಬುರಗಿ)

ಎಲ್ಲಾರ್ ಮಾತೂ ಕೇಳಿ ಮಾಡ್ಸೀನಿ. ಖರ್ಚ್ ಕೇಳ್ಲಕತ್ತಿದ್ರಲ್ಲ ಒಬ್ಬರು ಮೆಸೇಜಿನ್ಯಾಗ, ಬ್ರೇಕಿಗಿ 11,200 ಆತು, ರೇಡಿಯೇಟರ್ ಹೊಸ ಕೋರು ಥರ್ಮೋಸ್ಟಾಟು ಕೂಡಿ 6,500, ಕಾರ್ಬೊರೇಟರ್ ಪಂಪು ಪೈಪು 7,800, ನಾಕ್ ಟೈರ್ 17,000, ಬ್ಯಾಟ್ರಿ 5,200, ವೈರಿಂಗ್ ಹೇಳಿದ್ನೆಲ್ಲ 9,000, ಆಯಿಲ್ ಫಿಲ್ಟರ್ ಪ್ಲಗ್ಗು ಬೆಲ್ಟು 4,300. ಎಲ್ಲಾ ಕೂಡಿ 61,000. ಆರ್‌ಟಿಓದು ಬ್ಯಾರೆ. ಹೆಂಡ್ತಿಗಿ 25 ಅಂತ ಹೇಳೀನಿ, ಯಾರೂ ಬಾಯಿ ಬಿಡಬ್ಯಾಡ್ರಿ.

ಇನ್‌ಸ್ಪೆಕ್ಷನ್ ದಿನ ಸಾಹೇಬ್ರು ಗಾಡಿ ಸುತ್ತ ಎರಡ್ ಸುತ್ತ್ ಹಾಕಿ, ಹಾರ್ನ್ ಲೈಟ್ ಬ್ರೇಕ್ ನೋಡಿ, ಕಡೀಕ "ಒಂದ್ ಫೋಟೊ ತಕ್ಕೊಳ್ಲೇನ್ರಿ" ಅಂದ್ರು. ಐದ್ ವರ್ಷ ಚಿಂತಿಲ್ಲ.

ಕಾಗದಪತ್ರ_ಮಾಮಾ (ಕಲಬುರಗಿ)

ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕ್ಸಿಯಿಲ್ಲ? 2019ರ ಏಪ್ರಿಲ್ ಮೊದಲಿನ ಗಾಡಿಗೂ ಬೇಕು. ಮತ್ತ ಇನ್ಶೂರೆನ್ಸ್ ಮಾಡೋ ಮುಂದ ಐಡಿವಿ (ವಿಮಾದಾಗ ಗಾಡಿಗಿ ಹಿಡಿಯೋ ಬೆಲಿ) ಎಷ್ಟಂತ ನೀನೇ ಕುಂತು ಮಾತಾಡು, ಐದ್ ವರ್ಷ ದಾಟಿದ ಗಾಡಿಗಿ ಅದು ಕಂಪನಿಯವರೂ ನೀನೂ ಕೂಡಿ ಒಪ್ಪೋ ರೇಟು. ಬಿಲ್ಲು ಫೋಟೊ ಎಲ್ಲಾ ಇಟ್ಕೊಂಡ್ ಹೋಗು.

ತೊಗರಿ_ಟರ್ಬೊ (ಕಲಬುರಗಿ)

ಮೇ ತಿಂಗ್ಳು. ಬಿಸಲು ಹೆಂಗದ ನಿಮಗೆಲ್ಲಾ ಗೊತ್ತೇ ಅದ. ಆಯ್ತಾರ ಮಧ್ಯಾಹ್ನ ಹುಮನಾಬಾದಿಗಿ ಲಗ್ನಕ್ಕ ಹೊಂಟಿದ್ವಿ, ಅವ್ವ ಮುಂದ, ಹೆಂಡ್ತಿ ಮಕ್ಕಳು ಹಿಂದ. ಕಮಲಾಪುರದಾಗ ಅವ್ವಗ ಕೆಂಪ್ ಬಾಳಿಹಣ್ಣು ಬೇಕಂತ ರೋಡ್ ದಂಡಿಗಿ ನಿಲ್ಸಿದೆ. ಹತ್ತ್ ನಿಮಿಷ ಚೌಕಾಶಿ. ಬಂದು ಕೀ ತಿರುವಿದ್ರ ಸೆಲ್ಫ್ ತಿರುಗ್ತದ, ಎಂಜಿನ್ ಹಿಡಿಯಂಗಿಲ್ಲ. ಹೊಡದೆ ಹೊಡದೆ ಬ್ಯಾಟ್ರಿ ಸೋತು ಬರ್ಲಕತ್ತು. ಹೆಂಡ್ತಿ ಒಂದೇ ಮಾತು ಕೇಳಿದ್ಲು, "25 ಸಾವಿರ ಹಾಕಿದ್ದಿನ್ರಿ ಇದಕ್ಕ?" ನಾ ತುಟಿ ಬಿಚ್ಚಲಿಲ್ಲ.

ಕಾಕಾಗ ಫೋನ್ ಹಚ್ಚಿದೆ. ಅವರು ನಗ್ಲಕತ್ರು ಮೊದಲ. ಆಮ್ಯಾಲ ಬಾನೆಟ್ ತೆಗಿ, ಟವಲ್ ಹಸಿ ಮಾಡಿ ಪೆಟ್ರೋಲ್ ಪಂಪಿಗಿ, ಪೈಪಿಗಿ ಸುತ್ತು, 15 ನಿಮಿಷ ನೆಳ್ಳಾಗ ಕುಂದ್ರು ಅಂದ್ರು. ಬಾಳಿಹಣ್ಣಿನಾಕಿ ತನ್ನ ಕೊಡದ ನೀರು ಕೊಟ್ಲು. ಟವಲ್ ಸುತ್ತಿದ ಕೂಡ್ಲೆ ಚುಂಯ್ ಅಂತು. ಮಕ್ಕಳು ಒಂದ್ ಡಝನ್ ಹಣ್ಣು ತಿಂದು ಮುಗಸೋದ್ರಾಗ ಸ್ಟಾರ್ಟ್ ಆತು, ಒಂದೇ ಸೆಲ್ಫಿಗಿ.

ಹಳೆಗಾಡಿ_ಕಾಕಾ (ಕಲಬುರಗಿ)

ಉಳದವರಿಗೂ ತಿಳೀಲಿ ಅಂತ ಬರಿತೀನಿ. ಇದಕ್ಕ ವೇಪರ್ ಲಾಕ್ ಅಂತಾರ. ಓಡೋ ಮುಂದ ಗಾಳಿ ಹೊಡೀತದ, ಹೊಸ ತಣ್ಣನ ಪೆಟ್ರೋಲ್ ಬರ್ತಿರ್ತದ, ಏನೂ ಆಗಂಗಿಲ್ಲ. ನಿಲ್ಸಿದ ಕೂಡ್ಲೆ ಎಂಜಿನ್ ಕಾವೆಲ್ಲಾ ಮ್ಯಾಲ ಏರ್ತದ, ಪೈಪಿನ್ಯಾಗಿನ ಪೆಟ್ರೋಲ್ ಅಲ್ಲೇ ಕುದ್ದು ಆವಿ ಆಗ್ತದ. ಪಂಪಿಗಿ ದ್ರವ ಎಳಿಲಕ ಬರ್ತದ, ಆವಿ ಎಳಿಲಕ ಬರಂಗಿಲ್ಲ. ಎಥನಾಲ್ 78 ಡಿಗ್ರಿಗೇ ಕುದೀತದ, ಹೊರಗ 43, ಬಾನೆಟ್ ಒಳಗ ಕೇಳೋದೇ ಬ್ಯಾಡ. ಹಸಿ ಟವಲ್ ಆ ಹೊತ್ತಿಗಿ. ಪಕ್ಕಾ ಕೆಲ್ಸ ಅಂದ್ರ ಪೆಟ್ರೋಲ್ ಪೈಪ್ ಸೈಲೆನ್ಸರ್ ಕಡಿಂದ ದೂರ ಎಳಸಬೇಕು, ಮ್ಯಾಲ ಕಾವು ತಡಿಯೋ ತೊಗಲು ಸುತ್ತಬೇಕು, ನಡುವ ಒಂದು ತಗಡಿನ ಅಡ್ಡ ಕೊಡಬೇಕು. ಇಷ್ಟರಾಗ ಆಗ್ಲಿಲ್ಲಂದ್ರ ಟ್ಯಾಂಕ್ ಬಲ್ಲಿ ಕರೆಂಟಿನ ಪಂಪ್ ಹಾಕಿದ್ರಾತು.

ಮತ್ತ ಹುಡುಗನ ಮರ್ಯಾದಿ ಉಳಸ್ರಿ, ಖರ್ಚಿನ ಲೆಕ್ಕ ಮ್ಯಾಲ ಹಂಗೇ ಅದ, ಯಾರರೆ ಅಡ್ಮಿನ್ ಇದ್ರ ಅಳಸ್ರಿ.

ಪದ್ಮಿನಿ_ಅಕ್ಕ (ಬೀದರ)

ಅಳಸಬ್ಯಾಡ್ರಿ, ನಾ ಆಗ್ಲೇ ಸ್ಕ್ರೀನ್‌ಶಾಟ್ ತಗೊಂಡೀನಿ.

ಮೈಸೂರ್_ಮಿಡ್ಲೇನ್ (ಸದ್ಯ ಕಲಬುರಗಿ)

ಹೋದ್ ವಾರ ಜಗತ್ ಸರ್ಕಲ್ ಸಿಗ್ನಲ್‌ನಲ್ಲಿ ನಿಮ್ ಗಾಡಿ ನೋಡ್ದೆ ಬ್ರೋ, ನಾನು ಸಿಟಿಲಿ ಪಕ್ಕದಲ್ಲೇ ಇದ್ದೆ. ಸಿಗ್ನಲ್ ಬಿಟ್ಟಾಗ ನಾನೇ ಮುಂದೆ ಹೋದೆ, ಆದ್ರೆ ಒಬ್ಬರೂ ನನ್ನ ನೋಡ್ಲಿಲ್ಲ. ಮಾರೋ ಯೋಚನೆ ಇದ್ರೆ ಮೊದಲು ನಂಗೆ ಹೇಳಿ.

ತೊಗರಿ_ಟರ್ಬೊ (ಕಲಬುರಗಿ)

ಮಾರೋದಾ? ದಿನಾ ಒರಸ್ತೀನಿ ಅಂತ ಅತ್ತಿಯವರಿಗಿ ಮಾತ್ ಕೊಟ್ಟೀನ್ರಿ. ದಿನಾ ಆಗಲ್ಲ ಖರೇ, ಎರಡ್ ದಿನಕ್ಕೊಮ್ಮಿ. ಆಯ್ತಾರ ಆಯ್ತಾರ 20 ಕಿಲೋಮೀಟರ್ ಓಡಿಸಿ ತರ್ತೀನಿ, ಬಂದ ಮ್ಯಾಲ ಬ್ಯಾಟ್ರಿ ನೆಗೆಟಿವ್ ಬಿಚ್ತೀನಿ, ಇಲಿ ಬೋನು ಶೆಡ್ಡಿನ್ಯಾಗ ಎರಡ್ ಅವ.

ಈಗ ಒಂದೇ ಬಾಕಿ. ಹಿಂದಿನ ಎಡಗಡಿ ಲೈಟಿನ ಗ್ಲಾಸು. ಎತ್ತು ಹಿಂದ ಸರ್ದು ಕೊಂಬು ಹಚ್ಯಾದ, ಯಾರ ಮ್ಯಾಲ ಕೇಸ್ ಹಾಕ್ಲಿ. ಹೈದರಾಬಾದ್ ಪುತಲಿಬೌಲಿ ತಿರಗೀನಿ, ಬೆಂಗಳೂರ್ ಜೆ.ಸಿ. ರೋಡಿಗಿ ಫೋನ್ ಮಾಡೀನಿ, ಎಲ್ಲಾರೂ ಬಲಗಡಿದು ಅದ ಅಂತಾರ, ಎಡಗಡಿದು ಇಲ್ಲಂತಾರ. ದೇಶದಾಗ ಎತ್ತೆಲ್ಲಾ ಎಡಗಡಿನೇ ಹಾಯ್ತಾವೇನೋ.

ಭಾಲ್ಕಿ_ಬಸ್ಯಾ (ಭಾಲ್ಕಿ)

ಅಣ್ಣಾ, ಹೊಸಾಂವ ಇದೀನಿ, ಇವತ್ತೇ ಸೇರೀನಿ. ನಮ್ಮ ಹೊಲದ ಕೊಟ್ಟಗ್ಯಾಗ ಅಪ್ಪಂದು ಹಳೆ ಕಾಂಟೆಸ್ಸಾ ಅದ, ಎಂಜಿನ್ ಇಲ್ಲ, ಗಾಲಿ ಇಲ್ಲ, ಒಳಗ ಕೋಳಿ ಕಾವಿಗಿ ಕುಂದರ್ತಾವ. ಎಡಗಡಿ ಲೈಟ್ ಅದ, ಆದ್ರ ಒಳಗಿನ ಕ್ಲಿಪ್ ಮುರದದ.

ತೊಗರಿ_ಟರ್ಬೊ (ಕಲಬುರಗಿ)

ಕ್ಲಿಪ್ ಬಿಡೋ ತಮ್ಮಾ, ಗ್ಲಾಸ್ ಸಾಬೂತ ಅದನಾ? ನಾಳಿ ಮುಂಜಾನೆ ಆರಕ್ಕ ಬಿಡ್ತೀನಿ ಕಲಬುರಗಿ. ಬಿಸಲು ಏರೋಕಿಂತ ಮೊದಲ ಬರಬೇಕು.